ಸ್ಕ್ಯಾನ್ ಚೀಟಿಯಲ್ಲಿ ‘ಯಾಕೆ’ ಅಂತ ಬರೆದಿದೆಯಾ?

ಚಿಗಟೇರಿ ಹರಪನಹಳ್ಳಿ ತಾಲ್ಲೂಕಿನ ಊರು. ಆದ್ರೆ ಈ ಭಾಗದ ರೋಗಿಗಳಿಗೆ ಆ ಹೆಸರು ಅಂದ್ರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ. ಬೈಕ್‌ನಿಂದ ಬಿದ್ದವರನ್ನು ಯಾವುದೇ ದೊಡ್ಡಾಸ್ಪತ್ರೆಗೆ ತಂದ್ರೂ ಮನೆಯವರ ಮೊದಲ ಮಾತು, ‘ಸಾರ್, ತಲೆ ಸ್ಕ್ಯಾನ್ ಮಾಡಿಸಿಬಿಡಿ.’

ಎಲ್ಲರಿಗೂ ಬೇಕಾ? ತಲೆಯ ಒಂದು ಸಿಟಿ ಅಂದ್ರೆ ಎದೆಯ ಹತ್ತಾರು ಎಕ್ಸ್‌ರೇಗಳಷ್ಟು ವಿಕಿರಣ. ಹಾಗಂತ ಒಳಗಿನ ರಕ್ತಸ್ರಾವ ತಪ್ಪಿಹೋದ್ರೆ ಜೀವಕ್ಕೇ ಅಪಾಯ. ಪೆಟ್ಟಾಗಿ ಕೊಂಚ ಹೊತ್ತು ಎಚ್ಚರ ತಪ್ಪಿದವರಿಗೆಂದು ಕೆನಡಾ ವೈದ್ಯರು 2001ರಲ್ಲಿ ಪ್ರಶ್ನೆಗಳ ಒಂದು ನಿಯಮ ಕೊಟ್ಟರು: ವಯಸ್ಸು 65 ಆಗಿದೆಯಾ? ಎರಡು ಸಲ ವಾಂತಿಯಾಯ್ತಾ? ಎರಡು ಗಂಟೆಯಾದ್ರೂ ಪೂರ್ತಿ ಎಚ್ಚರ ಬಂದಿಲ್ವಾ? ಬುರುಡೆ ಒಡೆದ ಗುರುತಿದೆಯಾ? ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರಿಗೆ ಈ ಲೆಕ್ಕ ಅನ್ವಯಿಸಲ್ಲ. ಇಂಥ ನಿಯಮಗಳನ್ನು ಕಂಪ್ಯೂಟರಿನಲ್ಲಿಟ್ಟು, ವೈದ್ಯರು ಸ್ಕ್ಯಾನ್ ಬರೆಯುವಾಗಲೇ ಸಲಹೆ ಕೊಡೋದು ಕ್ಲಿನಿಕಲ್ ಡಿಸಿಷನ್ ಸಪೋರ್ಟ್. ತೀರ್ಮಾನ ವೈದ್ಯರದ್ದೇ.

ಅಮೆರಿಕ 2014ರಲ್ಲಿ ಮೆಡಿಕೇರ್ ರೋಗಿಗಳಿಗೆ ಇದನ್ನು ಕಡ್ಡಾಯ ಮಾಡೋ ಕಾನೂನು ತಂತು. 2020ರಲ್ಲಿ ಪ್ರಯೋಗ ಶುರುವಾಯ್ತು, 2024ರ ಜನವರಿಯಲ್ಲಿ ನಿಂತೂ ಹೋಯ್ತು. ಸ್ಕ್ಯಾನ್ ಬರೆಯೋರು ಒಬ್ಬರು, ಬಿಲ್ ಹಾಕೋರು ಇನ್ನೊಬ್ಬರು. ಸಲಹೆ ಕೇಳಿದ ಪುರಾವೆ ಬಿಲ್ ಜೊತೆಗೇ ಹೋಗಬೇಕಿತ್ತು. ಅಲ್ಲೇ ಸಿಕ್ಕಿಬಿತ್ತು.

ನಮ್ಮಲ್ಲಿ ಇಂಥ ಕಡ್ಡಾಯವಿಲ್ಲ. ಅಭ್ಯಾಸ ಮಾತ್ರ ಹೊಸದಲ್ಲ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆಯಡಿ ಗರ್ಭಿಣಿಯ ಅಲ್ಟ್ರಾಸೌಂಡ್‌ಗೆ ಎಫ್ ಫಾರಂನಲ್ಲಿ ಕಾರಣ ಬರೀಲೇಬೇಕು. ಸಿಟಿ ಚೀಟಿಯಲ್ಲಿ ‘ಬ್ರೈನ್’ ಅಂತಷ್ಟೇ ಇದ್ರೆ ಯಾವ ಸಾಫ್ಟ್‌ವೇರ್ ತಾನೇ ಏನು ಹೇಳೀತು? ನನ್ನ ಪ್ರಕಾರ ಸ್ಕ್ಯಾನಿಂಗ್ ವಿಭಾಗದ ತಯಾರಿ ಶುರುವಾಗಬೇಕಾದ್ದು ಆ ಸಾಲಿನಿಂದ: ಯಾವಾಗ ಬಿದ್ದರು, ವಾಂತಿ ಎಷ್ಟು ಸಲ, ಮೊದಲೇ ಸ್ಕ್ಯಾನ್ ಆಗಿದೆಯಾ. ತುರ್ತಿದ್ದಾಗ ಪ್ರಶ್ನೆಗಳನ್ನು ದಾಟಿ ಹೋಗೋ ದಾರಿಯೂ ಇರಲಿ.

ಮನೆಯವರಿಗೆ ಒಂದು ಮಾತು. ಹಳೇ ಫಿಲ್ಮ್, ರಿಪೋರ್ಟ್ ಬಿಸಾಡಬೇಡಿ, ಜೊತೆಗೇ ತನ್ನಿ.