ಮಿಸ್ಡ್ ಕಾಲ್ ಬಿಡಬೇಡಿ, ಮಾತು ಬಿಡಿ
ವೈದ್ಯರು ಫೋನ್ ಎತ್ತದಿದ್ದಾಗ ಮೂವತ್ತು ಸೆಕೆಂಡಿನ ದನಿ ಸಂದೇಶ ಏನೆಲ್ಲ ಉಳಿಸಬಲ್ಲದು?



ಸೈದಾಪುರ ಭಾಗದ ಯಾವ ಹಳ್ಳಿಗೆ ಹೋದರೂ ಇಂದು ಮನೆಗೊಂದು ಸ್ಮಾರ್ಟ್‌ಫೋನ್ ಕಾಣುತ್ತದೆ. ದನಕ್ಕೆ ಏನಾದರೂ ಆದರೆ ನಾವು ಮೊದಲು ಮಾಡುವುದು ಫೋನೇ. ವೈದ್ಯರು ಎತ್ತಲಿಲ್ಲ ಎಂದರೆ ಎರಡು ಸಲ ರಿಂಗ್ ಕೊಟ್ಟು ಸುಮ್ಮನಾಗುತ್ತೇವೆ. "ಮಿಸ್ಡ್ ಕಾಲ್ ಬಿದ್ದಿದೆ, ನೋಡಿ ಅವರೇ ಮಾಡುತ್ತಾರೆ" ಎಂದು ಕಾಯುತ್ತೇವೆ.

ಈಗ ಆ ಕಡೆಯ ಸ್ಥಿತಿ ನೋಡಿ. ಪಶುವೈದ್ಯರೋ ಕೃತಕ ಗರ್ಭಧಾರಣೆ ಕಾರ್ಯಕರ್ತರೋ ಇನ್ನೊಂದು ಊರಿನ ಕೊಟ್ಟಿಗೆಯಲ್ಲಿರುತ್ತಾರೆ. ಭುಜದವರೆಗೆ ಕೈಗವಸು, ಫೋನು ಗಾಡಿಯ ಚೀಲದಲ್ಲಿ. ಕೆಲಸ ಮುಗಿಸಿ ನೋಡಿದರೆ ಹತ್ತು ಮಿಸ್ಡ್ ಕಾಲ್. ಯಾವುದು ಹೆರಿಗೆಗೆ ಕಷ್ಟಪಡುತ್ತಿರುವ ಎಮ್ಮೆ, ಯಾವುದು ಬೆದೆಗೆ ಬಂದ ಆಕಳು, ಯಾವುದು ಬರೀ ಜಂತುಹುಳುವಿನ ಔಷಧಿ ಕೇಳಲು ಮಾಡಿದ್ದು? ಹತ್ತೂ ಒಂದೇ ತರಹ ಕಾಣುತ್ತವೆ. ಮಿಸ್ಡ್ ಕಾಲ್‌ನಲ್ಲಿ ನಿಮ್ಮ ನಂಬರು ಇದೆ, ನಿಮ್ಮ ದನ ಇಲ್ಲ.

ತಡವಾದರೆ ಎಷ್ಟು ನಷ್ಟ?

ಬೆದೆಯ ಲೆಕ್ಕ ನಿಮಗೆ ಗೊತ್ತಿರುವುದೇ. ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಆ ಹೊತ್ತು ತಪ್ಪಿದರೆ ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ, ಕೂಲಿ ಎಲ್ಲವೂ ನಿಮ್ಮ ಕೈಯಿಂದಲೇ. ಎಮ್ಮೆಗಳಲ್ಲಿ ಬೇಸಿಗೆಯ ಬೆದೆ ಎಷ್ಟೋ ಸಲ ಕಣ್ಣಿಗೆ ಬೀಳದೆ ಹೋಗುತ್ತದೆ. ಕಂಡ ಬೆದೆಯನ್ನೂ ಫೋನಿನಿಂದಾಗಿ ಕಳೆದುಕೊಳ್ಳುವುದು ಬೇಡ.

ಇನ್ನೊಂದು, ನಮ್ಮ ಜೋಳದ ಸೀಮೆಗೆ ಚೆನ್ನಾಗಿ ಗೊತ್ತಿರುವ ಆಪತ್ತು. ಎಳೆಯ ಜೋಳ ಅಥವಾ ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ಮೇಯ್ದ ದನ ಏದುಸಿರು ಬಿಟ್ಟು, ನಡುಗಿ, ಬಿದ್ದುಬಿಡಬಹುದು. ಅದು ಸಯನೈಡ್ ವಿಷ. ಅದಕ್ಕೆ ಬೇರೆಯದೇ ಔಷಧಿ ಬೇಕು, ಅದೂ ಬೇಗ. "ಜೋಳ ಮೇಯ್ದಿದೆ" ಎಂಬ ಎರಡು ಮಾತು ವೈದ್ಯರ ಕಿವಿಗೆ ಮೊದಲೇ ಬಿದ್ದರೆ ಅವರು ಆ ಔಷಧಿ ಹಿಡಿದೇ ಹೊರಡುತ್ತಾರೆ. ಬೀಳದಿದ್ದರೆ ಬಂದು, ನೋಡಿ, ತರಲು ವಾಪಸು ಹೋಗಬೇಕು.

ವಾಯ್ಸ್‌ಮೇಲ್ ಎಂದರೇನು?

ನೀವು ಮಾಡಿದ ಕರೆಯನ್ನು ಆ ಕಡೆಯವರು ಎತ್ತದಿದ್ದಾಗ "ಬೀಪ್ ಬಂದ ಮೇಲೆ ನಿಮ್ಮ ಮಾತು ಹೇಳಿ" ಎಂದು ಕೇಳಿ, ನಿಮ್ಮ ಮಾತನ್ನು ಇಟ್ಟುಕೊಳ್ಳುವ ವ್ಯವಸ್ಥೆಯೇ ವಾಯ್ಸ್‌ಮೇಲ್. ವಿದೇಶಗಳಲ್ಲಿ ಇದು ಹಳೆಯ ರೂಢಿ. ನಮ್ಮಲ್ಲಿ ಮಿಸ್ಡ್ ಕಾಲ್ ಪುಕ್ಕಟೆಯಾದ್ದರಿಂದ ಇದು ಬೇರು ಬಿಡಲಿಲ್ಲ. ಈಗ ಮೂರು ದಾರಿಗಳಿವೆ.

1. ಸಿಮ್ ಕಂಪನಿಯ ವಾಯ್ಸ್‌ಮೇಲ್: ಡಯಲ್ ಮಾಡುವ ಪರದೆಯಲ್ಲಿ 1ನ್ನು ಒತ್ತಿ ಹಿಡಿದರೆ ಬಹುತೇಕ ಫೋನುಗಳು ವಾಯ್ಸ್‌ಮೇಲ್‌ಗೆ ಕರೆ ಹಚ್ಚಲು ನೋಡುತ್ತವೆ. "ನಂಬರ್ ಹೊಂದಿಸಿಲ್ಲ" ಎಂದು ಬಂದರೆ ನಿಮ್ಮ ಸಿಮ್‌ನಲ್ಲಿ ಸೇವೆ ಚಾಲೂ ಆಗಿಲ್ಲ ಎಂದರ್ಥ. ಈ ಸೇವೆ ಸಿಗುತ್ತದೆಯೇ, ದುಡ್ಡು ಎಷ್ಟು ಎಂದು 198ಕ್ಕೆ ಕರೆ ಮಾಡಿ ನಿಮ್ಮ ಕಂಪನಿಯನ್ನೇ ಕೇಳಿ. ಎತ್ತದ ಕರೆಯನ್ನು ಕಂಪನಿಯ ಪೆಟ್ಟಿಗೆಗೆ ತಿರುಗಿಸಿಯೇ ಇದು ಕೆಲಸ ಮಾಡುತ್ತದೆ. ಈ "ತಿರುಗಿಸುವುದು" ಎಂಬ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

2. ಟ್ರೂಕಾಲರ್: ಈ ಕಂಪನಿ 2025ರ ಡಿಸೆಂಬರ್‌ನಲ್ಲಿ ಭಾರತದ ಆಂಡ್ರಾಯ್ಡ್ ಫೋನುಗಳಿಗೆ ವಾಯ್ಸ್‌ಮೇಲ್ ಅನ್ನು ಉಚಿತವಾಗಿ ಕೊಟ್ಟಿತು. ಸಂದೇಶ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಮಾತನ್ನು 12 ಭಾರತೀಯ ಭಾಷೆಗಳಲ್ಲಿ ಅಕ್ಷರಕ್ಕೆ ಇಳಿಸುವ ಸೌಲಭ್ಯವೂ ಇದೆ. ಆದರೆ ನಮ್ಮ ಆಡುಮಾತನ್ನು ಯಂತ್ರ ತಪ್ಪಾಗಿ ಬರೆಯಬಹುದು. ಓದಿ ಬಿಡಬೇಡಿ, ಕೇಳಿ. ದಿನಕ್ಕೆ ಹತ್ತಾರು ಕರೆ ಬರುವ ಸಂಘದ ಕಾರ್ಯದರ್ಶಿ, ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಇದು ಹೆಚ್ಚು ಉಪಯೋಗ.

3. ವಾಟ್ಸಾಪ್: ನಮ್ಮ ರೈತರಿಗೆ ಎಲ್ಲಕ್ಕಿಂತ ಸಲೀಸಾದ ದಾರಿ ಇದು. ಈಗಾಗಲೇ ಫೋನಿನಲ್ಲಿದೆ, ಓದು ಬರಹ ಬೇಕಿಲ್ಲ. 2013ರಿಂದಲೂ ಇದರಲ್ಲಿ ದನಿ ಕಳಿಸಬಹುದು. ಎತ್ತದ ವಾಟ್ಸಾಪ್ ಕರೆಯ ಬೆನ್ನಿಗೇ ದನಿ ಸಂದೇಶ ಬಿಡುವ ಅನುಕೂಲವೂ 2025ರ ಡಿಸೆಂಬರ್‌ನಲ್ಲಿ ಸೇರಿದೆ.

ವಾಟ್ಸಾಪ್‌ನಲ್ಲಿ ದನಿ ಕಳಿಸುವುದು ಹೇಗೆ?

• ವೈದ್ಯರ ಹೆಸರು ತೆರೆಯಿರಿ. ಕೆಳಗೆ ಬಲಮೂಲೆಯಲ್ಲಿ ಮೈಕ್ ಗುರುತು ಇದೆ. ಅದನ್ನು ಒತ್ತಿ ಹಿಡಿದು ಮಾತಾಡಿ. ಬೆರಳು ಬಿಟ್ಟ ಕೂಡಲೇ ಸಂದೇಶ ಹೋಗುತ್ತದೆ.
• ಕೈಯಲ್ಲಿ ದನದ ಹಗ್ಗ ಇದೆಯೇ? ಮೈಕ್ ಒತ್ತಿ ಬೆರಳನ್ನು ಮೇಲಕ್ಕೆ ಸರಿಸಿ. ಬೀಗದ ಗುರುತು ಬಿದ್ದ ಮೇಲೆ ಬೆರಳು ತೆಗೆದರೂ ರೆಕಾರ್ಡ್ ನಡೆಯುತ್ತದೆ. ಮುಗಿದ ಮೇಲೆ ಬಾಣದ ಗುರುತು ಒತ್ತಿ ಕಳಿಸಿ.
• ಒಂದು ಟಿಕ್ ಎಂದರೆ ನಿಮ್ಮ ಫೋನಿನಿಂದ ಹೊರಟಿದೆ, ಅವರ ಫೋನಿಗೆ ಮುಟ್ಟಿಲ್ಲ. ಎರಡು ಟಿಕ್ ಎಂದರೆ ಮುಟ್ಟಿದೆ. ಸಂದೇಶದ ಮೈಕ್ ಗುರುತು ನೀಲಿಯಾದರೆ ಅವರು ಕೇಳಿದ್ದಾರೆ.
• ಹೊಲದಲ್ಲಿ ನೆಟ್ ಇಲ್ಲದಾಗ ಗಡಿಯಾರದ ಗುರುತು ಕಾಣುತ್ತದೆ. ಆಗ ಸಂದೇಶ ಇನ್ನೂ ನಿಮ್ಮ ಜೇಬಿನಲ್ಲೇ ಇದೆ! ನೆಟ್ ಸಿಗುವ ಕಡೆ ಹೋಗಿ, ಇಲ್ಲವೇ ಮಾಮೂಲಿ ಕರೆ ಮಾಡಿ.

ಏನು ಹೇಳಬೇಕು?

"ಸಾಹೇಬ್ರೇ, ಅರ್ಜೆಂಟ್ ಅದ, ಫೋನ್ ಮಾಡ್ರಿ" ಎನ್ನುವ ಸಂದೇಶವೂ ಮಿಸ್ಡ್ ಕಾಲ್‌ಗೆ ಸಮ. ನಿಮಗೆ ಮತ್ತೆ ಫೋನ್ ಮಾಡದೆಯೇ ವೈದ್ಯರು ಹೊರಡುವಂತೆ ಹೇಳಿ. ಈ ಆರು ಮಾತು ಸಾಕು:

ಒಂದು, ನಿಮ್ಮ ಹೆಸರು ಮತ್ತು ಊರು. ಎರಡು, ಆಕಳೋ ಎಮ್ಮೆಯೋ, ಎಷ್ಟನೇ ಸೂಲು. ಮೂರು, ಏನಾಗಿದೆ. ನಾಲ್ಕು, ಯಾವಾಗಿನಿಂದ, ಗಂಟೆ ಸಮೇತ. ಐದು, ಏನು ತಿಂದಿದೆ, ಏನು ಔಷಧಿ ಹಾಕಿದ್ದೀರಿ. ಆರು, ದನದ ಹತ್ತಿರ ಯಾರಿರುತ್ತಾರೆ, ಅವರ ನಂಬರು.

ಉದಾಹರಣೆಗೆ: "ನಾನು ಇಂಥವ, ಇಂಥ ಊರು. ಎಚ್‌ಎಫ್ ಆಕಳು, ಮೂರನೇ ಸೂಲು. ನಿನ್ನೆ ರಾತ್ರಿ ಹತ್ತಕ್ಕೆ ಈದಿದೆ. ಬೆಳಿಗ್ಗೆ ಆರರಿಂದ ಎದ್ದಿಲ್ಲ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗಿದೆ. ಏನೂ ಕುಡಿಸಿಲ್ಲ. ಮನೆಯಲ್ಲಿ ಹೆಂಡತಿ ಇದ್ದಾಳೆ, ಅವಳ ನಂಬರು ಇದು." ಕೇಳಿದ ಕೂಡಲೇ ವೈದ್ಯರಿಗೆ ಹಾಲು ಜ್ವರದ ಅನುಮಾನ ಬರುತ್ತದೆ, ಕ್ಯಾಲ್ಸಿಯಂ ಬಾಟಲಿ ಹಿಡಿದು ಬರುತ್ತಾರೆ. ಕಸ ಬಿದ್ದಿಲ್ಲ ಎಂದಾದರೆ ಈದ ಗಂಟೆ ಹೇಳಲೇಬೇಕು. ಕೆಚ್ಚಲು ಬಾವು ಎಂದಾದರೆ ಹಾಲಿನ ಬಣ್ಣ, ಗಟ್ಟಿಯೋ ನೀರೋ ಎಂಬುದನ್ನು ಹೇಳಿ.

ಸಂದೇಶ ಕಳಿಸಿ ಕೂಡಬಾರದ ಹೊತ್ತು

ಹೊಟ್ಟೆ ಉಬ್ಬರ, ಕರು ಅಡ್ಡ ಸಿಕ್ಕಿರುವುದು, ಜೋಳದ ವಿಷ, ಹಾವು ಕಡಿತ, ನಿಲ್ಲದ ರಕ್ತ. ಇವುಗಳಲ್ಲಿ ದನಿ ಸಂದೇಶ ಕರೆಗೆ ಬದಲಿಯಲ್ಲ, ಕರೆಯ ಜೊತೆಗಿರುವುದು. ಸಂದೇಶ ಬಿಟ್ಟು ತಕ್ಷಣ ಮುಂದಿನ ನಂಬರಿಗೆ ಹೋಗಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962. ಪಶುಪಾಲನಾ ಇಲಾಖೆಯ ಸಹಾಯವಾಣಿ 8277 100 200. ಮೇವು, ಬೆಳೆ, ಸಾಕಣೆಯ ಸಾಮಾನ್ಯ ಪ್ರಶ್ನೆಗಳಿಗೆ 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ ಇದೆ: 1800 180 1551, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಈ ಮೂರನ್ನೂ ಈಗಲೇ ಹೆಸರು ಹಾಕಿ ಸೇವ್ ಮಾಡಿಕೊಳ್ಳಿ.

ಫೋನು ಯಾರ ಕೈಯಲ್ಲಿ, ದನ ಯಾರ ಕೈಯಲ್ಲಿ?

ಹಾಲು ಹಿಂಡುವವಳು, ಸಗಣಿ ಬಳಿಯುವವಳು, ಬೆದೆಯನ್ನು ಮೊದಲು ಗುರುತಿಸುವವಳು ಮನೆಯ ಹೆಣ್ಣುಮಗಳು. ಫೋನು ಮಾತ್ರ ಗಂಡನದೋ ಮಗನದೋ ಜೇಬಿನಲ್ಲಿ. ಅವರು ಕಡೇಚೂರು ಕಡೆ ಕೆಲಸಕ್ಕೆ ಹೋಗಿರಬಹುದು, ರೈಲು ಹತ್ತಿ ಬೆಂಗಳೂರು ಸೇರಿರಬಹುದು. ವೈದ್ಯರು ವಾಪಸು ಫೋನ್ ಮಾಡಿದರೆ ಎತ್ತುವವರಿಗೆ ದನದ ಸ್ಥಿತಿ ಗೊತ್ತಿರುವುದಿಲ್ಲ, ಗೊತ್ತಿರುವವರ ಹತ್ತಿರ ಫೋನಿರುವುದಿಲ್ಲ. ಅದಕ್ಕೇ ಮೇಲಿನ ಆರನೇ ಮಾತು ಮುಖ್ಯ. ಮನೆಯಲ್ಲಿ ಒಂದು ಸಾದಾ ಫೋನಾದರೂ ಉಳಿಯಲಿ. ಸ್ಮಾರ್ಟ್‌ಫೋನ್ ಇದ್ದರೆ ಮೈಕ್ ಒತ್ತುವುದನ್ನು ಮನೆಯ ಹೆಣ್ಣುಮಕ್ಕಳಿಗೆ ಕಲಿಸಿ. ದನದ ಬಗ್ಗೆ ಅವರು ಹೇಳುವ ಮಾತೇ ಸರಿಯಾಗಿರುತ್ತದೆ.

ಬಂದ ಸಂದೇಶಗಳನ್ನು ಜೋಪಾನ ಮಾಡುವುದು

ವೈದ್ಯರು ದನಿಯಲ್ಲಿ ಔಷಧಿ ಹೇಳಿ ಕಳಿಸಿದರೆ ಆ ಸಂದೇಶವನ್ನು ಒತ್ತಿ ಹಿಡಿದು ಮೇಲಿರುವ ನಕ್ಷತ್ರದ ಗುರುತು ಒತ್ತಿ. ಆಮೇಲೆ ನೂರು ಗುಡ್ ಮಾರ್ನಿಂಗ್ ಬಂದರೂ ಅದು "ನಕ್ಷತ್ರ ಹಾಕಿದ ಸಂದೇಶಗಳು" ಎಂಬಲ್ಲಿ ಸಿಗುತ್ತದೆ. ಔಷಧಿ ಹೆಸರು, ಪ್ರಮಾಣ ಸ್ಪಷ್ಟವಾಗದಿದ್ದರೆ ಊಹೆ ಮಾಡಬೇಡಿ, ಬರೆದು ಕಳಿಸಿ ಎಂದು ಕೇಳಿ. ಫೋನ್ ತುಂಬಿ ಹೊಸ ಸಂದೇಶ ಇಳಿಯದಿದ್ದರೆ ಬೇಡದ ವಿಡಿಯೋಗಳನ್ನು ಮೊದಲು ಅಳಿಸಿ. ಜಾಗ ತಿನ್ನುವುದು ಅವೇ, ದನಿ ಅಲ್ಲ.

ಎಚ್ಚರ: ನಿಮ್ಮ ಕರೆ ಬೇರೆಯವರಿಗೆ ಹೋಗದಿರಲಿ

ವಾಯ್ಸ್‌ಮೇಲ್ ಕರೆಯನ್ನು ತಿರುಗಿಸಿ ಕೆಲಸ ಮಾಡುತ್ತದೆ ಎಂದೆವು. ಕಳ್ಳರೂ ಅದನ್ನೇ ಬಳಸುತ್ತಾರೆ. "ನಿಮ್ಮ ಹಾಲಿನ ಪ್ರೋತ್ಸಾಹಧನ ನಿಂತಿದೆ, ವಾಯ್ಸ್‌ಮೇಲ್ ಚಾಲೂ ಮಾಡಲು ಈ ನಂಬರ್ ಒತ್ತಿ" ಎಂದು ಯಾರಾದರೂ *401* ಅಥವಾ *21* ಎಂದು ಶುರುವಾಗುವ ಕೋಡ್ ಹೇಳಿದರೆ ಒತ್ತಬೇಡಿ. ಒತ್ತಿದರೆ ನಿಮಗೆ ಬರುವ ಕರೆಗಳು ಅವರಿಗೆ ಹೋಗಬಹುದು, ಬ್ಯಾಂಕಿನ ಒಟಿಪಿ ಹೇಳುವ ಕರೆಯೂ ಸಹ. ಈ ಮೋಸದ ಕಾರಣಕ್ಕೇ ಕೋಡ್ ಒತ್ತಿ ಕರೆ ತಿರುಗಿಸುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಕಳ್ಳರು ಬಿಟ್ಟಿಲ್ಲ.

ಅನುಮಾನ ಬಂದರೆ *#21# ಒತ್ತಿ ಕರೆ ತಿರುಗಿದೆಯೇ ನೋಡಿ. ##002# ಒತ್ತಿದರೆ ಎಲ್ಲ ತಿರುವುಗಳೂ ರದ್ದಾಗುತ್ತವೆ. ಸಿಮ್ ವಾಯ್ಸ್‌ಮೇಲ್ ಇದ್ದವರಿಗೆ ಅದೂ ರದ್ದಾಗುತ್ತದೆ, ಮತ್ತೆ ಚಾಲೂ ಮಾಡಿಸಿಕೊಳ್ಳಬೇಕು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪ್ರೋತ್ಸಾಹಧನದ ವಿಚಾರವನ್ನು ನಿಮ್ಮ ಸಂಘದ ಕಾರ್ಯದರ್ಶಿಯ ಹತ್ತಿರ ಮುಖಾಮುಖಿ ಕೇಳಿ.

ಇಂದು ಸಂಜೆ ಮಾಡಬೇಕಾದ್ದು

ಹಾಲು ಹಾಕಿ ಮನೆಗೆ ಬಂದ ಮೇಲೆ ಹತ್ತು ನಿಮಿಷ ಕೊಡಿ. ಸಹಾಯವಾಣಿ ನಂಬರುಗಳನ್ನು, ನಿಮ್ಮ ಊರಿಗೆ ಬರುವ ವೈದ್ಯರ ಮತ್ತು ಕಾರ್ಯಕರ್ತರ ನಂಬರುಗಳನ್ನು ಸೇವ್ ಮಾಡಿ. ಆರು ಮಾತನ್ನು ಚೀಟಿಯಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಆಮೇಲೆ ಮನೆಯವರ ಫೋನಿಗೇ ಒಂದು ಸಂದೇಶ ಕಳಿಸಿ ಕೇಳಿ ನೋಡಿ: ಮಾತು ಸ್ಪಷ್ಟವಾಗಿದೆಯೇ, ದನಗಳ ಗಂಟೆ ಸದ್ದಿನಲ್ಲಿ ಮುಳುಗಿದೆಯೇ, ಊರ ಹೆಸರು ಬಿಟ್ಟುಹೋಗಿದೆಯೇ? ಆಪತ್ತು ಬಂದಾಗ ಕೈ ನಡುಗುತ್ತದೆ. ಅದಕ್ಕೆ ಮುಂಚೆಯೇ ಒಮ್ಮೆ ರೂಢಿ ಮಾಡಿಕೊಂಡಿರುವುದು ಒಳ್ಳೆಯದು.