ನಾಲ್ಕು ಚಕ್ರಕ್ಕೆ ಭಾರ ಹಂಚುವ ವಿದ್ಯೆ

ಶಿವಗಂಗೆ ಬೆಟ್ಟದ ಸುತ್ತ ಹರಡಿಕೊಂಡಿರುವ ಸೋಂಪುರ ಹೋಬಳಿಯ ನೆಲ ಬಹುಪಾಲು ಮರಳು ಬೆರೆತ ಕೆಮ್ಮಣ್ಣು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅದು ಕಾಲಿಗೆ ಮೆತ್ತಿಕೊಳ್ಳುತ್ತದೆ. ಬಿಸಿಲೇರಿದಂತೆ ಬಿಗಿಯುತ್ತದೆ. ಓಡಾಟ ಹೆಚ್ಚಿದಲ್ಲಿ ಸಂಜೆಯೊಳಗೆ ಮೇಲ್ಪದರ ಧೂಳಾಗಿ ಹಾರಿ, ಅಡಿಯ ಗಟ್ಟಿ ನೆಲ ನುಣುಪಾಗಿ ಹೊರಬರುತ್ತದೆ. ಒಂದೇ ದಿನದಲ್ಲಿ ಒಂದೇ ಜಾಗ ಮೂರು ನೆಲವಾಗುವ ಈ ಗುಣವನ್ನೇ ನೆಚ್ಚಿಕೊಂಡ ಓಟವೊಂದು ಅಮೆರಿಕದಲ್ಲಿ ಬೆಳೆದಿದೆ. ಮೊಟ್ಟೆಯಾಕಾರದ ಮಣ್ಣಿನ ಅಂಗಳದಲ್ಲಿ ಕಾರುಗಳು ಗಡಿಯಾರದ ಮುಳ್ಳಿಗೆ ಎದುರಾಗಿ, ಸದಾ ಎಡಕ್ಕೇ ತಿರುಗುತ್ತ ಓಡುತ್ತವೆ. ಹೆಸರು ಡರ್ಟ್ ಓವಲ್. ಅಯೋವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ 1961ರಿಂದ ನಡೆಯುತ್ತಿರುವ ನ್ಯಾಷನಲ್ಸ್ ಅದರ ದೊಡ್ಡ ಜಾತ್ರೆ. ಅದೇ ಓಟವನ್ನು ಹತ್ತನೇ ಒಂದು ಅಳತೆಯ ರಿಮೋಟ್ ಕಾರುಗಳಲ್ಲಿ ನಡೆಸುವವರೂ ಇದ್ದಾರೆ. ಆ ಪುಟ್ಟ ಕಾರಿನ ಸಸ್ಪೆನ್ಷನ್ ಹದಗೊಳಿಸುವ ಕೆಲಸವನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ. ಮೇಲ್ನೋಟಕ್ಕೆ ಇದು ಬಿಡಿಭಾಗ ಕೊಂಡು ಜೋಡಿಸುವ ಹವ್ಯಾಸ. ಆದರೆ ನನ್ನ ವಾದ ಬೇರೆ: ಇದು ಮೊದಲು ಮಣ್ಣನ್ನು ಓದುವ, ಆಮೇಲೆ ಅಳೆಯುವ ವಿದ್ಯೆ, ಬಿಡಿಭಾಗದ ಪಾಳಿ ಬರುವುದು ಕೊನೆಗೆ.

ರಿಮೋಟ್ ಕಾರು ಆಟಿಕೆಯ ಅಂಗಡಿಯಿಂದ ಓಟದ ಅಂಗಳಕ್ಕೆ ಬಂದ ಕಥೆ ಚಿಕ್ಕದು. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ ಮಾದರಿಯನ್ನು ರಿಮೋಟ್ ಕಾರಾಗಿ ಮಾರುಕಟ್ಟೆಗೆ ತಂದಿತು. 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂತು. ಅಲ್ಯುಮಿನಿಯಂ ತಳ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಅದರ ಮೇಲೆ ಸುತ್ತಿದ ಸ್ಪ್ರಿಂಗ್: ಓಟದ ಕಾರಿನಲ್ಲಿ ಇರಬೇಕಾದ್ದೆಲ್ಲ ಅದರಲ್ಲಿತ್ತು. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಮಣ್ಣಿನ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಂಥ ಕಾರುಗಳನ್ನೇ ಬದಲಿಸಿಕೊಂಡು ಓವಲ್‌ಗೆ ಇಳಿಸಿದವರು ಬೇಗನೆ ಒಂದು ಸಂಗತಿ ಕಂಡುಕೊಂಡರು. ಎರಡೂ ಕಡೆಗೆ ತಿರುಗಬೇಕಾದ ಕಾರಿನ ಎಡಬಲ ಸಮನಾಗಿರಬೇಕು. ಎಡಕ್ಕೆ ಮಾತ್ರ ತಿರುಗುವ ಕಾರಿಗೆ ಆ ಕಟ್ಟುಪಾಡಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬಗೆಯ ಸ್ಪ್ರಿಂಗ್ ಹಾಕಬಹುದು. ಮುಂದಿನ ಎರಡೂ ಚಕ್ರಗಳ ತಲೆಯನ್ನು ಎಡಕ್ಕೇ ವಾಲಿಸಬಹುದು. ಡರ್ಟ್ ಓವಲ್‌ನಲ್ಲಿ ಓಡುವ ದೊಡ್ಡ ಸ್ಪ್ರಿಂಟ್ ಕಾರುಗಳಲ್ಲಿ ಹಿಂದಿನ ಬಲಗಡೆಯ ಟೈರಿನ ಸುತ್ತಳತೆಯನ್ನೇ ಎಡಗಡೆಯದಕ್ಕಿಂತ ಹೆಚ್ಚಿಗೆ ಇಡುತ್ತಾರೆ, ಅಚ್ಚು ತಾನಾಗಿ ಎಡಕ್ಕೆ ಸಾಗಲಿ ಎಂದು.

ಇಷ್ಟೆಲ್ಲ ಸ್ವಾತಂತ್ರ್ಯ ಇರುವಲ್ಲಿ ದಾರಿ ತಪ್ಪುವುದೂ ಸುಲಭ. ಅದಕ್ಕೇ ಒಂದು ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 1600 ಗ್ರಾಂ ತೂಗುವ ಕಾರು, ಚಕ್ರಗಳ ನಡುವಿನ ಅಗಲ 24 ಸೆಂ.ಮೀ., ಭಾರದ ಕೇಂದ್ರ ನೆಲದಿಂದ 4 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಮಣ್ಣಿನ ಹಿಡಿತ ಕಾರಿನ ತೂಕದ ಹತ್ತರಲ್ಲಿ ಎಂಟು ಪಾಲು ಇದ್ದಾಗ, ತಿರುವಿನಲ್ಲಿ ಎಡಗಡೆಯಿಂದ ಬಲಗಡೆಗೆ ದಾಟುವ ಭಾರ ಸುಮಾರು 213 ಗ್ರಾಂ. ಎಡಬಲ ಸಮನಾಗಿ ನಿಂತಿದ್ದ ಕಾರು ತಿರುವಿನಲ್ಲಿ ಎಡಕ್ಕೆ 587, ಬಲಕ್ಕೆ 1013 ಆಗಿಬಿಡುತ್ತದೆ. ಈ 213 ಗ್ರಾಂ ಭಾರವನ್ನು ಯಾವ ಸ್ಪ್ರಿಂಗೂ ತಡೆಯಲಾರದು. ಕಾರನ್ನು ತಗ್ಗಿಸಿದರೆ ಅಥವಾ ಅಗಲಿಸಿದರೆ ಮಾತ್ರ ಅದು ಇಳಿಯುತ್ತದೆ. ಸ್ಪ್ರಿಂಗ್ ನಿರ್ಧರಿಸುವುದು ಆ ಭಾರದಲ್ಲಿ ಎಷ್ಟು ಪಾಲು ಮುಂದಿನ ಜೋಡಿಯ ಮೂಲಕ, ಎಷ್ಟು ಪಾಲು ಹಿಂದಿನ ಜೋಡಿಯ ಮೂಲಕ ದಾಟಬೇಕು ಎಂಬುದನ್ನು. ಇದಕ್ಕೆ ಬೆಲೆ ಬರುವುದು ಟೈರಿನ ಒಂದು ಸ್ವಭಾವದಿಂದ. ಭಾರ ಎರಡರಷ್ಟಾದರೆ ಟೈರಿನ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಹಾಗಾಗಿ ಯಾವ ಜೋಡಿಯಲ್ಲಿ ಎಡಬಲದ ಅಂತರ ಹಿಗ್ಗುತ್ತದೋ ಆ ಜೋಡಿ ಒಟ್ಟಾರೆ ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಸ್ಪ್ರಿಂಗ್ ಬಿರುಸಾದರೆ ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಮುಂದಿನದು ಬಿರುಸಾದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗೋಡೆಯ ಕಡೆಗೇ ಜಾರುತ್ತದೆ. ಸಸ್ಪೆನ್ಷನ್ ಹಿಡಿತವನ್ನು ಹುಟ್ಟಿಸುತ್ತದೆ ಎಂದು ನಂಬಿದವರು ದುಬಾರಿ ಶಾಕ್ ಕೊಂಡು ನಿರಾಶರಾಗುತ್ತಾರೆ. ಹಿಡಿತ ಇರುವುದು ಮಣ್ಣು ಮತ್ತು ಟೈರಿನ ನಡುವೆ; ಸಸ್ಪೆನ್ಷನ್ ಅದನ್ನು ಪೋಲಾಗದಂತೆ ಹಂಚುತ್ತದೆ, ಅಷ್ಟೆ.

ಹಂಚಿಕೆ ಎಂದ ಮೇಲೆ ತೂಗಲೇಬೇಕು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಚಿಕ್ಕ ಡಿಜಿಟಲ್ ತಕ್ಕಡಿ ಇಡುವುದು ಈ ಕಸುಬಿನ ಮೊದಲ ಪಾಠ. ಉದಾಹರಣೆಗೆ ಮುಂದಿನ ಎಡ 400, ಮುಂದಿನ ಬಲ 320, ಹಿಂದಿನ ಎಡ 520, ಹಿಂದಿನ ಬಲ 360 ಗ್ರಾಂ ಇದೆ ಎನ್ನಿ. ಎಡಗಡೆಯ ಮೊತ್ತ 920. ತಿರುವಿನಲ್ಲಿ 213 ಗ್ರಾಂ ದಾಟಿದ ಮೇಲೆ ಎಡಕ್ಕೆ 707, ಬಲಕ್ಕೆ 893 ಉಳಿಯುತ್ತದೆ. ಸಮತೂಕದ ಕಾರಿಗಿಂತ ಇದು ಎಷ್ಟು ನೆಟ್ಟಗಿದೆ ನೋಡಿ. ಇನ್ನು ಮುಂದಿನ ಬಲ ಮತ್ತು ಹಿಂದಿನ ಎಡ, ಈ ಕರ್ಣದ ಮೊತ್ತ 840, ಅಂದರೆ ಒಟ್ಟು ತೂಕದ ಶೇ 52.5. ಮುಂದಿನ ಬಲಗಡೆಯ ಶಾಕ್‌ನ ಮೇಲಿನ ತಿರುಪನ್ನು ಕೊಂಚ ಕೆಳಕ್ಕೆ ಬಿಗಿದರೆ ಆ ಮೂಲೆಯ ತೂಕ ಏರುತ್ತದೆ, ಜೊತೆಗೆ ಎದುರು ಮೂಲೆಯಾದ ಹಿಂದಿನ ಎಡದ್ದೂ ಏರುತ್ತದೆ. ಉಳಿದ ಎರಡು ಮೂಲೆಗಳು ಇಳಿಯುತ್ತವೆ. ಕರ್ಣದ ಪಾಲು ಹೆಚ್ಚಿದಾಗ ಹಿಂದಿನ ಜೋಡಿ ತಿರುವಿನಲ್ಲಿ ಸಮತೂಕದತ್ತ ಬಂದು ನೆಲ ಕಚ್ಚುತ್ತದೆ, ಮುಂದಿನ ಜೋಡಿ ಸೋಲುತ್ತದೆ. ಈ ತಿರುಪು ಎಷ್ಟೇ ತಿರುಗಲಿ, ಎಡಗಡೆಯ 920 ಮಾತ್ರ ಕದಲುವುದಿಲ್ಲ. ಅದನ್ನು ಬದಲಿಸಬೇಕಾದರೆ ಬ್ಯಾಟರಿಯನ್ನೇ ಪಕ್ಕಕ್ಕೆ ಸರಿಸಬೇಕು. ಯಾವ ತಿರುಪು ಯಾವ ಸಂಖ್ಯೆಯನ್ನು ಮುಟ್ಟುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂಬ ತಿಳಿವಳಿಕೆಯೇ ಇಲ್ಲಿ ಅರ್ಧ ಪಾಂಡಿತ್ಯ ಎನ್ನಬೇಕು.

ಉಳಿದರ್ಧ ಮಣ್ಣಿನದು. ನೆಲ ಹಸಿಯಾಗಿ ಅಂಟುವಾಗ ಹಿಡಿತ ಹೆಚ್ಚು, ದಾಟುವ ಭಾರವೂ ಹೆಚ್ಚು. ಎಡಚಕ್ರಗಳು ನೆಲ ಬಿಟ್ಟು ಕಾರು ಮಗುಚುವ ಅಪಾಯ ಆಗಲೇ. ಕಾರನ್ನು ತಗ್ಗಿಸಿ, ಸ್ಪ್ರಿಂಗ್ ಬಿರುಸು ಮಾಡಿ, ದಪ್ಪ ಎಣ್ಣೆ ಹಾಕುವುದು ಆ ಹೊತ್ತಿಗೆ ಸರಿ. ನೆಲ ಒಣಗಿ ನುಣುಪಾದಾಗ ಇದೇ ಕಾರು ಮಂಜುಗಡ್ಡೆಯ ಮೇಲೆ ಇಟ್ಟಂತೆ ಜಾರುತ್ತದೆ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹಿಡಿತ ಹತ್ತರಲ್ಲಿ ಎಂಟು ಪಾಲು ಇದ್ದಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ತಿರುಗಬಹುದು; ಅದು ಐದಕ್ಕೆ ಇಳಿದರೆ 18 ಕಿಲೋಮೀಟರ್ ದಾಟಲಾಗದು. ಕಳೆದುಹೋದ ಆ ವೇಗವನ್ನು ಯಾವ ಹೊಂದಾಣಿಕೆಯೂ ಪೂರ್ತಿ ಮರಳಿ ತಾರದು. ಆದರೆ ಮೆದು ಸ್ಪ್ರಿಂಗ್, ತೆಳು ಎಣ್ಣೆ, ಹಿಂದಕ್ಕೆ ಸರಿಸಿದ ಬ್ಯಾಟರಿ ಇವು ಉಳಿದ ಹಿಡಿತವನ್ನು ಜೋಪಾನ ಮಾಡುತ್ತವೆ. ಶಾಕ್‌ನೊಳಗಿನ ಸಿಲಿಕೋನ್ ಎಣ್ಣೆಯೂ ಬಿಸಿಲಿಗೆ ಅಷ್ಟಿಷ್ಟು ತೆಳುವಾಗುವುದರಿಂದ, ಬೆಳಿಗ್ಗೆ ಬರೆದಿಟ್ಟ ಸಂಖ್ಯೆ ಮಧ್ಯಾಹ್ನಕ್ಕೆ ಹಾಗೇ ಹೊಂದುವುದಿಲ್ಲ. ಆದ್ದರಿಂದ ಒಳ್ಳೆಯ ತಂಡಗಳ ನೋಟ್‌ಬುಕ್‌ನಲ್ಲಿ ಸ್ಪ್ರಿಂಗ್‌ನ ಸಂಖ್ಯೆಯ ಪಕ್ಕದಲ್ಲೇ ನೆಲದ ತೇವ, ಹೊತ್ತು, ಬಿಸಿಲು ಎಲ್ಲವೂ ಇರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಗೆದ್ದವರಿಗೆ ಏಕೆ ಗೆದ್ದೆವೆಂದು ಗೊತ್ತಿರುವುದಿಲ್ಲ.

ಆಟಿಕೆಯ ಕಾರಿನಿಂದ ನಿಜವಾದ ಕಾರಿನ ವಿದ್ಯೆ ಬರುತ್ತದೆಯೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಳತೆ ಹತ್ತನೇ ಒಂದಾದರೆ ಎಲ್ಲವೂ ಹತ್ತನೇ ಒಂದಾಗುವುದಿಲ್ಲ. ಅನುಪಾತಕ್ಕೆ ಸರಿಯಾಗಿ ಕುಗ್ಗಿಸಿದರೆ ತೂಕ ಸಾವಿರದಲ್ಲೊಂದಕ್ಕೆ ಇಳಿಯುತ್ತದೆ. ಗುರುತ್ವ ಮಾತ್ರ ಅದೇ ಇರುವುದರಿಂದ ಕಾರಿನ ಏಳುಬೀಳು, ಹೊರಳಾಟ ಮೂರು ಪಟ್ಟು ಚುರುಕಾಗುತ್ತವೆ. ಮಣ್ಣಂತೂ ಕುಗ್ಗುವುದೇ ಇಲ್ಲ. 4 ಮಿ.ಮೀ.ನ ಗರಸು ಈ ಕಾರಿಗೆ 4 ಸೆಂ.ಮೀ.ನ ಕಲ್ಲು. ಹಾಗಾಗಿ ಪುಟ್ಟ ಕಾರಿನ ಸ್ಪ್ರಿಂಗ್ ಸಂಖ್ಯೆಯನ್ನು ದೊಡ್ಡದಕ್ಕೆ ನಕಲು ಮಾಡಲಾಗದು ಎಂಬುದು ನಿಜ. ಆದರೆ ಮೇಲೆ ಹೇಳಿದ ಭಾರದ ಲೆಕ್ಕ, ಕರ್ಣದ ನಿಯಮ, ಟೈರಿನ ಸ್ವಭಾವ ಯಾವ ಗಾತ್ರದಲ್ಲೂ ಬದಲಾಗುವುದಿಲ್ಲ. ಕರ್ನಾಟಕದಲ್ಲಿ ಈ ಜ್ಞಾನಕ್ಕೆ ಬೇಡಿಕೆ ಇದ್ದೇ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದಿವೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಬೆಂಗಳೂರಿನವರು. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಮಣ್ಣಿನ ಬಂಡಿಗಳನ್ನು ಕಟ್ಟಿಕೊಂಡು ಹೋಗುತ್ತವೆ. ಅಂಥ ಬಂಡಿ ಕಟ್ಟಲು ಲಕ್ಷಾಂತರ ರೂಪಾಯಿ ಬೇಕು. ಒಂದು ಸ್ಪ್ರಿಂಗ್ ಬದಲಿಸಿ ನೋಡಲು ಅರ್ಧ ದಿನ. ಪುಟ್ಟ ಕಾರಿನಲ್ಲಿ ಅದೇ ಪ್ರಯೋಗ ಐದು ನಿಮಿಷದ್ದು. ಮಗುಚಿಬಿದ್ದರೂ ಯಾರ ಮೂಳೆಯೂ ಮುರಿಯುವುದಿಲ್ಲ.

ಸದಾ ಎಡಕ್ಕೇ ತಿರುಗುವುದರಲ್ಲಿ ಏನಿದೆ ಎನ್ನುವವರೂ ಉಂಟು. ಪ್ರಯೋಗ ಮಾಡುವವನ ಕಣ್ಣಿನಿಂದ ನೋಡಿದರೆ ಅದೇ ಇದರ ಸೊಗಸು. ಹತ್ತು ಬಗೆಯ ತಿರುವುಗಳಿರುವ ಟ್ರ್ಯಾಕ್‌ನಲ್ಲಿ ಯಾವ ಬದಲಾವಣೆ ಎಲ್ಲಿ ಫಲ ಕೊಟ್ಟಿತೆಂದು ಬೇರ್ಪಡಿಸುವುದು ಕಷ್ಟ. ಇಲ್ಲಿ ಒಂದೇ ತಿರುವು ಮತ್ತೆಮತ್ತೆ ಬರುವುದರಿಂದ, ಕಾರು ಒಳಹೊಗುವಾಗ ಜಾರಿತೋ, ನಡುವೆ ಜಾರಿತೋ, ವೇಗ ಹೆಚ್ಚಿಸಿ ಹೊರಬರುವಾಗ ಜಾರಿತೋ ಎಂದು ಸ್ಪಷ್ಟವಾಗಿ ಕಾಣುತ್ತದೆ. ಒಳಹೊಗುವಾಗಿನ ತೊಂದರೆಗೆ ಶಾಕ್‌ನ ಎಣ್ಣೆ, ನಡುವಿನದಕ್ಕೆ ಸ್ಪ್ರಿಂಗ್, ಹೊರಬರುವಾಗಿನದಕ್ಕೆ ಕರ್ಣದ ತೂಕ: ಹುಡುಕಾಟಕ್ಕೆ ಹೀಗೊಂದು ಕ್ರಮ ಸಿಗುತ್ತದೆ. ಎಲ್ಲವೂ ಕೊನೆಗೆ ಓಡಿಸುವವರ ಕೈಚಳಕವೇ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈ ಚುರುಕಿದ್ದವರು ಕೆಟ್ಟ ಕಾರನ್ನೂ ಎರಡು ಸುತ್ತು ಎಳೆದಾರು. ನೂರು ಸುತ್ತು ಒಂದೇ ಸಮನೆ ಓಡಿಸಲು ಕಾರೂ ಜೊತೆಗೂಡಬೇಕು.

ಸೋಂಪುರದ ಮಾತಿಗೆ ಬರೋಣ. ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯ ಮಗ್ಗುಲಲ್ಲೇ ಇರುವ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಐಟಿಐ, ಡಿಪ್ಲೊಮಾ ಓದಿದ ಯುವಕರು ದುಡಿಯುತ್ತಾರೆ. ವರ್ನಿಯರ್ ಹಿಡಿದು ಅಳೆಯುವುದು ಅವರಿಗೆ ದಿನದ ಕೆಲಸ. ಇತ್ತ ಹಳ್ಳಿಗಳಲ್ಲಿ ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಬಗ್ಗಡ ಬಳಿದು ರಾಗಿ ಕಣ ಮಾಡಿದ ಹಿರಿಯರಿದ್ದಾರೆ. ಓವಲ್ ಅಂಗಳ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಇಲ್ಲಿನ ಮಣ್ಣಿನಲ್ಲಿ ಮರಳಿನಂಶ ಜಾಸ್ತಿ, ಓವಲ್‌ಗೆ ಜೇಡಿ ಬೇಕಲ್ಲ ಎಂದರೆ, ಹೊಲಕ್ಕೆ ಹೊಡೆಯುವ ಕೆರೆಗೋಡನ್ನೇ ಬೆರೆಸಿ ಹದ ಮಾಡಬಹುದು. ಎಷ್ಟು ಬೆರೆಸಿದರೆ ಕಚ್ಚುತ್ತದೆ, ಎಷ್ಟಾದರೆ ಬಿರುಕು ಬಿಡುತ್ತದೆ ಎಂಬುದನ್ನು ಕಣ ಮಾಡಿದವರ ಕೈ ಬಲ್ಲದು. ಈ ಎರಡು ತಿಳಿವಳಿಕೆ ಒಂದೇ ಹೋಬಳಿಯಲ್ಲಿದ್ದೂ ಪರಸ್ಪರ ಮಾತಾಡುವ ಸಂದರ್ಭಗಳು ಕಡಿಮೆ. ಒಂದು ಮಣ್ಣಿನ ಅಂಗಳ ಅಂಥ ಸಂದರ್ಭ ಒದಗಿಸೀತು ಎಂಬುದು ನನ್ನ ಆಸೆ.

ಗಟ್ಟಿಯಾದ ಆಕ್ಷೇಪ ನೀರಿನದು. ಅಂತರ್ಜಲ ಬತ್ತುತ್ತಿರುವ ತಾಲ್ಲೂಕಿನಲ್ಲಿ ಆಟದಂಗಳಕ್ಕೆ ನೀರು ಹಾಕುವುದು ಸರಿಯೇ? 20 ಮೀಟರ್‌ನ ಎರಡು ನೇರ ದಾರಿ, 5 ಮೀಟರ್ ತ್ರಿಜ್ಯದ ಎರಡು ತಿರುವು, 3 ಮೀಟರ್ ಅಗಲ ಎಂದರೆ ಸುಮಾರು 215 ಚದರ ಮೀಟರ್ ನೆಲ. 2 ಮಿ.ಮೀ. ನೀರು ಚಿಮುಕಿಸಿದರೆ ಒಂದು ಸಲಕ್ಕೆ 430 ಲೀಟರ್. ವಾರಕ್ಕೊಂದು ದಿನದ ಆಟಕ್ಕೆ ಇದು ಅತಿಯಲ್ಲ, ಆದರೆ ಬೇಸಿಗೆಯಲ್ಲಿ ಕೊಡಬಾರದ ನೀರಂತೂ ಖಂಡಿತ. ಅಂಗಳಕ್ಕೆ ನೀರು ಹಾಕುವುದನ್ನು ಮಳೆಗಾಲಕ್ಕೇ ಸೀಮಿತಗೊಳಿಸಿ, ಉಳಿದ ತಿಂಗಳು ಒಣ ನೆಲದಲ್ಲೇ ಓಡಿಸಬಹುದು. ಮೆದು ಸ್ಪ್ರಿಂಗ್, ತೆಳು ಎಣ್ಣೆ, ಅಲ್ಪಸ್ವಲ್ಪ ಹಿಡಿತವನ್ನು ಗ್ರಾಂ ಲೆಕ್ಕದಲ್ಲಿ ಹಂಚುವ ತಾಳ್ಮೆ, ಇವೆಲ್ಲ ಬೇಕಾಗುವುದು ಒಣ ನೆಲದಲ್ಲೇ. ಈ ವಿದ್ಯೆಯ ಅತಿ ಕಠಿಣ ಪರೀಕ್ಷೆಗೆ ಮಳೆಯಿಲ್ಲದ ತಿಂಗಳುಗಳ ಸೋಂಪುರದ ಕೆಮ್ಮಣ್ಣು ಹೇಗಿದೆಯೋ ಹಾಗೇ ಸಾಕು.