ಆಡು ಸಾಕಲು ಬಲ್ಲವರಿಗೆ ಮಾರಲು ತಕ್ಕಡಿ ಬೇಕು

ಚೆನ್ನೈ: ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಮಳೆ ಕೈಕೊಟ್ಟು ರಾಗಿ ಪೈರು ಒಣಗಿದರೂ ಬೇಲಿಯ ಜಾಲಿ, ಬೇವು, ಹುಣಸೆ ಸೊಪ್ಪು ತಿಂದು ಬದುಕುವ ಪ್ರಾಣಿ ಅದು. ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯ ಕನ್ನಡ ಮಾತಿನ ಹಳ್ಳಿಗಳಲ್ಲಿ, ಆಚೆ ಪಾವಗಡ, ಚಳ್ಳಕೆರೆಯಂಥ ಬರಸೀಮೆಗಳಲ್ಲಿ ತುಂಡುಭೂಮಿ ಉಳ್ಳವರಿಗೂ ಭೂಮಿಯೇ ಇಲ್ಲದವರಿಗೂ ಕೈಹಿಡಿಯುವುದು ಇದೇ ಆಡು.

ಇತ್ತ ಚೆನ್ನೈಯಲ್ಲಿ ಮಟನ್ ಬೆಲೆ ಕೆ.ಜಿ.ಗೆ 800 ರೂಪಾಯಿ ದಾಟಿದೆ. ಭಾನುವಾರ ಬೆಳಿಗ್ಗೆ ಅಂಗಡಿಗಳ ಮುಂದೆ ಸಾಲು ತಪ್ಪುವುದಿಲ್ಲ. ಬೇಡಿಕೆಗೆ ಕೊರತೆಯಿಲ್ಲ, ಸಾಕುವವರಿಗೂ ಕೊರತೆಯಿಲ್ಲ. 2019ರ ಜಾನುವಾರು ಗಣತಿಯಂತೆ ತಮಿಳುನಾಡಿನಲ್ಲಿ ಸುಮಾರು 99 ಲಕ್ಷ, ಕರ್ನಾಟಕದಲ್ಲಿ ಸುಮಾರು 62 ಲಕ್ಷ ಆಡುಗಳಿವೆ. ಹಾಗಿದ್ದೂ ನಾಲ್ಕೈದು ಆಡು ಸಾಕುವ ಮನೆಗೆ ಈ ಬೆಲೆಯ ನ್ಯಾಯವಾದ ಪಾಲು ಸೇರುತ್ತಿಲ್ಲ.

2018ರ ನವೆಂಬರ್‌ನಲ್ಲಿ ಎಗ್ಮೋರ್ ರೈಲು ನಿಲ್ದಾಣದಲ್ಲಿ ಎರಡು ಟನ್ನಿಗೂ ಹೆಚ್ಚು ಮಾಂಸ ವಶಪಡಿಸಿಕೊಂಡು, ಅದು ನಾಯಿ ಮಾಂಸವೆಂಬ ಗುಲ್ಲು ಎದ್ದದ್ದು ಅನೇಕರಿಗೆ ನೆನಪಿರಬಹುದು. ಅದು ನಾಯಿ ಮಾಂಸವಲ್ಲ, ಮಟನ್ನೇ ಎಂದು ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಪರೀಕ್ಷೆ ತಿಳಿಸಿತು. ಆ ಮಾಂಸ ಬಂದದ್ದು ದೂರದ ರಾಜಸ್ಥಾನದ ಜೋಧಪುರದಿಂದ. ಅಷ್ಟು ದೂರದಿಂದ ರೈಲಿನಲ್ಲಿ ಮಾಂಸ ತರಿಸುವ ಮಾರುಕಟ್ಟೆ ಈ ನಗರದಲ್ಲಿದೆ. ಸುಮಾರು 250 ಕಿ.ಮೀ. ದೂರದ ಕೃಷ್ಣಗಿರಿಯ ಸಣ್ಣ ಸಾಕಣೆದಾರರಿಗೆ ಮಾತ್ರ ಆ ಮಾರುಕಟ್ಟೆಯ ಬಾಗಿಲು ದಲ್ಲಾಳಿಯ ಮೂಲಕವೇ ತೆರೆಯಬೇಕು.

ಕಣ್ಣಳತೆಯ ವ್ಯಾಪಾರ

ಆಡು ಮಾರುವುದು ಎರಡು ಕಡೆ, ಮನೆಬಾಗಿಲಲ್ಲಿ ಅಥವಾ ಸಂತೆಯಲ್ಲಿ. ಕೃಷ್ಣಗಿರಿ ಬಳಿಯ ಕುಂದಾರಪಳ್ಳಿಯಲ್ಲಿ ಶುಕ್ರವಾರ, ಪೋಚಂಪಳ್ಳಿಯಲ್ಲಿ ಭಾನುವಾರ ಸಂತೆ ಸೇರುತ್ತದೆ. ಚೆನ್ನೈಗೆ ಇನ್ನೂ ಹತ್ತಿರದ ಸೆಂಜಿಯ ಶುಕ್ರವಾರದ ಸಂತೆಯೂ ಹೆಸರುವಾಸಿ. ಕರ್ನಾಟಕದಲ್ಲಿ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರ, ಹುನಗುಂದ ತಾಲ್ಲೂಕಿನ ಅಮೀನಗಡ ಕುರಿ-ಆಡುಗಳ ಸಂತೆಗೆ ಪ್ರಸಿದ್ಧವಾಗಿವೆ.

ಈ ಸಂತೆಗಳಲ್ಲಿ ಹೆಚ್ಚಿನ ವ್ಯಾಪಾರ ಇಂದಿಗೂ ಕಣ್ಣಳತೆಯಲ್ಲೇ ನಡೆಯುತ್ತದೆ. ವ್ಯಾಪಾರಿ ಆಡಿನ ಸೊಂಟ ಅದುಮಿ, ಎತ್ತಿ ನೋಡಿ ಬೆಲೆ ಕಟ್ಟುತ್ತಾನೆ. ದಿನಕ್ಕೆ ನೂರಾರು ಆಡು ಮುಟ್ಟುವ ಅವನ ಅಂದಾಜು ಸರಿಯಾಗಿಯೇ ಇರುತ್ತದೆ. ವರ್ಷಕ್ಕೆ ಮೂರು ಆಡು ಮಾರುವ ಹೆಂಗಸಿಗೆ ಆ ಅನುಭವ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. ಜೀವತೂಕಕ್ಕೆ ಕೆ.ಜಿ.ಗೆ 350 ರೂಪಾಯಿ ಎಂದಿಟ್ಟುಕೊಳ್ಳೋಣ. 20 ಕೆ.ಜಿ. ತೂಗುವ ಆಡನ್ನು 18 ಎಂದು ಒಪ್ಪಿಸಿದರೆ ಮಾರಿದವರಿಗೆ 700 ರೂಪಾಯಿ ಖೋತಾ. ನಾಲ್ಕು ಆಡಿಗೆ 2,800 ರೂಪಾಯಿ. ಅದೇ ಆಡಿನಿಂದ ಒಂಬತ್ತು-ಹತ್ತು ಕೆ.ಜಿ. ಮಾಂಸ ದೊರೆಯುತ್ತದೆ. ತಲೆ, ಕಾಲು, ಚರ್ಮ ಬೇರೆ. ವ್ಯಾಪಾರಿಗೂ ಟೆಂಪೊ ಬಾಡಿಗೆ, ಸಂತೆ ಸುಂಕ, ದಾರಿಯಲ್ಲಿ ಇಳಿಯುವ ತೂಕ ಎಂದು ಖರ್ಚುಗಳಿವೆ, ನಿಜ. ಆದರೆ ಅವನ ಖರ್ಚು ಅವನ ಲೆಕ್ಕದಲ್ಲಿರುತ್ತದೆ. ಸಾಕಿದವರ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ತಕ್ಕಡಿ ಇಲ್ಲದೆಡೆ ಹೊಲಿಗೆಯವರ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದಿಂದ ಹಿಂಭಾಗದವರೆಗಿನ ಉದ್ದವನ್ನೂ ಅಂಗುಲದಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದಲ್ಲಿ ತೂಕದ ಅಂದಾಜು ಸಿಗುತ್ತದೆ. ಸುತ್ತಳತೆ 26, ಉದ್ದ 24 ಅಂಗುಲವಿದ್ದರೆ ತೂಕ ಸುಮಾರು 24.5 ಕೆ.ಜಿ. ಇಷ್ಟು ತಿಳಿದು ಸಂತೆಗೆ ಹೋದವರನ್ನು ಏಮಾರಿಸುವುದು ಕಷ್ಟ.

ಎರಡು ಪಂಚಾಂಗದ ಲಾಭ

ತೂಕದಷ್ಟೇ ಮುಖ್ಯವಾದದ್ದು ಮಾರುವ ಕಾಲ. ಗಡಿಭಾಗದ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಅವರ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಚೆನ್ನೈ. ಎರಡೂ ಊರಿನ ಬಾಯಿರುಚಿಗೆ ಬೇರೆ ಬೇರೆ ಪಂಚಾಂಗ.

ಶ್ರಾವಣದಲ್ಲಿ ಕರ್ನಾಟಕದ ಅನೇಕ ಮನೆಗಳಲ್ಲಿ ಮಾಂಸ ವರ್ಜ್ಯ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ತಮಿಳುನಾಡಿನಲ್ಲಿ ಆಡಿ ಮಾಸ, ಅಮ್ಮನ ಗುಡಿಗಳಲ್ಲಿ ಅಂಬಲಿ ಸೇವೆ, ಹರಕೆಯ ಬಲಿ. ಸೆಪ್ಟೆಂಬರ್ ಮಧ್ಯದಿಂದ ಪುರಟ್ಟಾಸಿ ಹಿಡಿದರೆ ಚೆನ್ನೈಯ ಮಟನ್ ಅಂಗಡಿಗಳು ಮಂಕಾಗುತ್ತವೆ. ಆ ಸುಮಾರಿಗೇ ಬೆಂಗಳೂರಿನಲ್ಲಿ ಪಿತೃಪಕ್ಷದ ಎಡೆಗಾಗಿ ಮಾಂಸಕ್ಕೆ ಬೇಡಿಕೆ ಏರುತ್ತದೆ. ಯುಗಾದಿ ಮರುದಿನದ ಹೊಸತೊಡಕು ಅಲ್ಲಿನದು, ದೀಪಾವಳಿಯ ದೊಡ್ಡ ವ್ಯಾಪಾರ ಇಲ್ಲಿನದು. ಬಕ್ರೀದ್ ಎರಡೂ ಕಡೆಗೆ ಸೇರಿದ್ದು.

ಬಕ್ರೀದ್‌ಗೆ ಒಂದು ವರ್ಷ ತುಂಬಿದ, ಊನವಿಲ್ಲದ ಆಡು ಬೇಕು. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. ಆಡಿನ ಗಬ್ಬದ ಅವಧಿ ಐದು ತಿಂಗಳು. ಆದ್ದರಿಂದ ಹದಿನೇಳು ತಿಂಗಳ ಮುಂಚೆಯೇ ಲೆಕ್ಕ ಹಾಕಿ ಹೋತ ಕೂಡಿಸಿದವರಿಗೆ ಆ ಬೆಲೆ ಸಿಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಕಾಯುವ ಶಕ್ತಿ ಬಡವರಿಗಿಲ್ಲ ಎಂಬುದೇ ತೊಡಕು. ಜೂನ್‌ನಲ್ಲಿ ಶಾಲೆಯ ಫೀಸು, ನಡುವೆ ಆಸ್ಪತ್ರೆ, ಮನೆಯಲ್ಲೊಂದು ಸಾವು. ಆ ದಿನ ಬಂದವನು ಹೇಳಿದ್ದೇ ಬೆಲೆ. ಬರಗಾಲದಲ್ಲಂತೂ ಊರಿಗೆ ಊರೇ ಒಟ್ಟಿಗೆ ಮಾರಲು ನಿಲ್ಲುತ್ತದೆ. 2016ರಲ್ಲಿ ಹಿಂಗಾರು ಕೈಕೊಟ್ಟು, 2017ರ ಜನವರಿಯಲ್ಲಿ ಇಡೀ ತಮಿಳುನಾಡನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅಂಥ ವರ್ಷಗಳಲ್ಲಿ ಮೇವೂ ಇಲ್ಲ, ಬೆಲೆಯೂ ಇಲ್ಲ.

ಒಂದೆರಡು ತಿಂಗಳು ಕಾಯಲು ಬೇಕಾದದ್ದು ಸಣ್ಣ ಸಾಲ. ಮಹಿಳಾ ಸ್ವಸಹಾಯ ಗುಂಪುಗಳು ಇದನ್ನು ಕೊಡಬಲ್ಲವು. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಪಾಲಕರಿಗೂ ವಿಸ್ತರಿಸಲಾಗಿದೆ. ಆಡು ಸಾಕುವವರೂ ಅರ್ಜಿ ಹಾಕಬಹುದು.

ಕೊಟ್ಟದ್ದು ಆಡು, ಕೊಡದ್ದು ಸಂತೆ

ಸರ್ಕಾರಗಳು ಸುಮ್ಮನಿಲ್ಲ. 2011ರ ಸೆಪ್ಟೆಂಬರ್ 15ರಂದು ತಿರುವಳ್ಳೂರು ಜಿಲ್ಲೆಯಲ್ಲಿ ಅಂದಿನ ಮುಖ್ಯಮಂತ್ರಿ ಜಯಲಲಿತಾ ಬಡ ಕುಟುಂಬಕ್ಕೆ ತಲಾ ನಾಲ್ಕು ಆಡು ಅಥವಾ ಕುರಿ ಉಚಿತವಾಗಿ ಕೊಡುವ ಯೋಜನೆ ಆರಂಭಿಸಿದರು. ಐದು ವರ್ಷಗಳಲ್ಲಿ ಏಳು ಲಕ್ಷ ಕುಟುಂಬ ಅದರ ಗುರಿ. 2021ರ ನಂತರ ವಿಧವೆಯರಿಗೆ, ನಿರ್ಗತಿಕ ಮಹಿಳೆಯರಿಗೆ ತಲಾ ಐದು ಕೊಡುವ ಯೋಜನೆ ಬಂತು. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಶೇ. 50 ಸಹಾಯಧನ ನೀಡುತ್ತದೆ, ಆದರೆ ಅದು ನೂರು ಹೆಣ್ಣು, ಐದು ಗಂಡಿನಿಂದ ಮೇಲಿನ ದೊಡ್ಡ ಹಿಂಡುಗಳಿಗೆ. ನಾಲ್ಕು ಆಡಿನವರನ್ನು ನ್ಯಾಯವಾದ ಸಂತೆಗೆ ಮುಟ್ಟಿಸುವ ಕೆಲಸ ಅಲ್ಲಿಯೇ ಉಳಿದಿದೆ.

ಆರೋಗ್ಯದ ವಿಷಯದಲ್ಲಿ ಚೆನ್ನೈಯೇ ದಾರಿ ತೋರಿದೆ. ನಮ್ಮಲ್ಲಿ ಹಿರೇಬೇನೆ ಎಂದು ಕರೆಯುವ ಪಿಪಿಆರ್ ರೋಗ ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ವಿಲ್ಲುಪುರಂ ಕಡೆಯ ಅರಸೂರಿನಲ್ಲಿ. ಅಲ್ಲಿನ ವೈರಾಣುವಿನಿಂದಲೇ ಮಾಧವರಂನ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ ಲಸಿಕೆ ರೂಪಿಸಿತು. ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ. ಬೇನೆಯ ಹೆದರಿಕೆಯಲ್ಲಿ ಅರ್ಧ ಬೆಲೆಗೆ ಮಾರುವುದು ಇದರಿಂದ ತಪ್ಪುತ್ತದೆ. ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟುವುದೂ ಅಷ್ಟೇ ಅಗತ್ಯ.

ಸಂಘಗಳು ಮಾಡಬಹುದಾದ ಕೆಲಸ

ಚೆನ್ನೈ ಕನ್ನಡಿಗರಲ್ಲಿ ಮಾಂಸ ಮುಟ್ಟದವರೂ ಅನೇಕರಿದ್ದಾರೆ. ಆದರೂ ಊರಿನಲ್ಲಿ ಆಡು ಮಾರಿ ಮಗುವನ್ನು ಓದಿಸುವ ಬಂಧುಗಳೋ ನೆರೆಯವರೋ ಇಲ್ಲದವರು ಕಡಿಮೆ. ರಜೆಗೆ ಊರಿಗೆ ಹೋಗುವವರು ಹತ್ತಿಪ್ಪತ್ತು ಮನೆಗಳನ್ನು ಸೇರಿಸಿ ಒಂದು ತೂಗುತಕ್ಕಡಿ ಕೊಡಿಸಬಹುದು. ಅದಕ್ಕೆ ಕೆಲವು ಸಾವಿರ ರೂಪಾಯಿ ಸಾಕು, ಸಂಘದ ಒಂದು ಕಾರ್ಯಕ್ರಮದ ಹಾರ-ಶಾಲಿನ ಖರ್ಚು. ಹತ್ತು ಮನೆಯವರು ಒಂದೇ ದಿನ ಇಪ್ಪತ್ತು ಆಡು ತೂಗಿ ನಿಲ್ಲಿಸಿದರೆ ವ್ಯಾಪಾರಿ ಹಳ್ಳಿಗೇ ವಾಹನ ತರುತ್ತಾನೆ. ಬಾಡಿಗೆ, ಸುಂಕ ಎರಡೂ ಉಳಿಯುತ್ತವೆ.

ಆಡು ಸಾಕಣೆ ಕಲಿಯಬಯಸುವವರಿಗೆ ಚೆನ್ನೈ ಸಮೀಪದ ಕಾಟುಪಾಕ್ಕಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ದೊರೆಯುತ್ತದೆ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆಯವರಿಗೆ ‘ಸೇಲಂ ಕಪ್ಪು’ ತಳಿ ಮನೆಯದೇ ಆಸ್ತಿ. ಒಣನೆಲಕ್ಕೆ ಒಗ್ಗಿದ ಆ ಆಡನ್ನು ಬಿಟ್ಟು ದುಬಾರಿ ಹೊರತಳಿ ಹುಡುಕುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.